ಕೆಂಪು, ಬೂದು ಮತ್ತು ಒಂದು ಎಡಗಾಲು

ಪರೀಕ್ಷಕರು ತಮ್ಮ ಕಾರನ್ನು ತಾವೇ ಫೇಲು ಮಾಡಿದರು. ಭಾನುವಾರ ಬೆಳಿಗ್ಗೆ ಮಗ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ. ಅವರು ಊರುಗೋಲು ಹಿಡಿದು ಪಕ್ಕದಲ್ಲಿ ನಿಂತು, ಎಲ್ಲೆಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಬೇಕೆಂದು ಹೇಳುತ್ತಿದ್ದರು. ನಾಲ್ಕನೆಯ ಜಾಗದಲ್ಲಿ ಅದು ತುಕ್ಕಿನೊಳಗೆ ಹಿಡಿಯವರೆಗೂ ಇಳಿಯಿತು.

"ಹೋಯ್ತು," ಎಂದ ಮಗ ಕೆಳಗಿನಿಂದ.

"ಎಷ್ಟು ಹೋಯ್ತು? ಅಳತೆ ಹೇಳು."

"ಪೂರ್ತಿ ಹೋಯ್ತಪ್ಪ. ಇನ್ನೊಂಚೂರು ಒತ್ತಿದ್ರೆ ನಿಮ್ಮ ಸೀಟಿಂದ ಹೊರಗೆ ಬರುತ್ತೆ."

ಪರೀಕ್ಷಕರು ಅಂಗಿಯ ಜೇಬಿನಿಂದ ಗಟ್ಟಿ ಸೀಸದ ಪೆನ್ಸಿಲ್ ತೆಗೆದು, ಹಲಗೆಗೆ ಸಿಕ್ಕಿಸಿದ ಹಾಳೆಯ ಮೇಲೆ ಒಂದು ಗೀಟು ಎಳೆದರು. ಆ ಪೆನ್ಸಿಲ್ ಕಾಗದವನ್ನು ಕೆರೆಯುವ ಸದ್ದು ಮನೆಯವರೆಲ್ಲರಿಗೂ ಪರಿಚಿತ. ಮೂವತ್ತೊಂದು ವರ್ಷ ಅವರು ಚಾಲನಾ ಪರವಾನಗಿ ಕಚೇರಿಯಲ್ಲಿ ಪರೀಕ್ಷಕರಾಗಿದ್ದರು. ಅಭ್ಯರ್ಥಿ ಸ್ಟೀರಿಂಗ್ ಹಿಡಿದಿರುವಾಗ ಅವರು ಮಾತಾಡುತ್ತಿರಲಿಲ್ಲ. ತಪ್ಪಿಗೊಂದು ಗೀಟು ಎಳೆಯುತ್ತಿದ್ದರು. ಹನ್ನೆರಡು ಗೀಟಿನವರೆಗೆ ಮಾಫಿ, ಹದಿಮೂರನೆಯದಕ್ಕೆ ಫೇಲು. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕಾರು ಹಿಂದಕ್ಕೆ ಜಾರಿದರೆ ಗೀಟುಗಳ ಲೆಕ್ಕವೇ ಬೇಕಿರಲಿಲ್ಲ. ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. "ಮೂವತ್ತು ದಿನ ಬಿಟ್ಟು ಬನ್ನಿ" ಎಂಬುದು ಅವರ ಕೊನೆಯ ಮಾತು. ನಿವೃತ್ತಿಯ ದಿನ ಆ ಹಾಳೆಗಳ ಒಂದು ಕಟ್ಟೂ ಅವರೊಂದಿಗೆ ಮನೆಗೆ ಬಂದಿತ್ತು.

"ಇದರ ಕಥೆ ಮುಗೀತು," ಎಂದರು. "ಒಂದು ತಿಂಗಳೊಳಗೆ ಬೇರೆ ಕಾರು. ಅಲ್ಲಿವರೆಗೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಬುಧವಾರ?" ಅಡುಗೆಮನೆಯ ಕಿಟಕಿಯಿಂದ ಅವರ ಹೆಂಡತಿಯ, ಸೊಸೆಗೆ ಅತ್ತೆಯಾದವಳ, ದನಿ ಬಂತು.

"ಬುಧವಾರ ಒಂದಿನ ತೆಗೀತೀನಿ. ನಿಧಾನಕ್ಕೆ."

ಬುಧವಾರದ ವಿಷಯ ಇಷ್ಟು. ಅತ್ತೆಗೆ ಒಬ್ಬಳೇ ತಂಗಿ. ಮೂರು ವರ್ಷದ ಹಿಂದೆ ಆಕೆಯ ಬಲಭಾಗ ಬಿದ್ದುಹೋಗಿತ್ತು. ಮಾತು ಹೊರಡುತ್ತಿರಲಿಲ್ಲ, ಆದರೆ ಎಲ್ಲವೂ ಅರ್ಥವಾಗುತ್ತಿತ್ತು. ಊರಾಚೆಯ ಗುಡ್ಡದ ಮೇಲಿನ ಆರೈಕೆ ಕೇಂದ್ರದಲ್ಲಿದ್ದಳು. ಹೊರಗಿನವರು ನೋಡಲು ಬರಬಹುದಾದ ದಿನ ಬುಧವಾರ ಮಾತ್ರ. ಬಸ್ಸು ಕಲ್ಲುಕ್ವಾರಿಯವರೆಗೆ ಹೋಗುತ್ತದೆ. ಅಲ್ಲಿಂದ ಮೇಲೆ ಆರು ಕಿಲೋಮೀಟರ್ ಏರು, ಲಾರಿಗಳು ಅಗೆದ ಗುಂಡಿಗಳು. ಬಾಡಿಗೆ ಕಾರಿನವರು ಆ ರಸ್ತೆಯ ಹೆಸರೆತ್ತಿದರೆ ಫೋನಿಡುತ್ತಿದ್ದರು. ಪರೀಕ್ಷಕರು ಒಂದು ಬುಧವಾರವನ್ನೂ ತಪ್ಪಿಸದೆ ಹೆಂಡತಿಯನ್ನು ಕರೆದೊಯ್ಯುತ್ತಿದ್ದರು. ಅತ್ತೆ ತಂಗಿಯ ತಲೆ ಬಾಚಿ, ಉಗುರು ಕತ್ತರಿಸಿ, ಒಂದು ಕಿತ್ತಳೆ ಸುಲಿದು ತಿನ್ನಿಸಿ ಬರುತ್ತಿದ್ದಳು. ಈ ವರ್ಷ ಪರೀಕ್ಷಕರ ಎಡ ಮಂಡಿಗೆ ಶಸ್ತ್ರಚಿಕಿತ್ಸೆಯಾದಾಗ ಎರಡು ತಿಂಗಳು ತಪ್ಪಿತ್ತು. ಹಳೆಯ ಕಾರಿನ ಕ್ಲಚ್ ಸವೆದು ಹಗುರಾಗಿದ್ದರಿಂದ ಅವರು ಬೇಗನೆ ಮತ್ತೆ ಓಡಿಸತೊಡಗಿದ್ದರು.

ಸೊಸೆಗೆ ಆ ಕಾರಿನಲ್ಲಿ ಏಳು ವರ್ಷದಿಂದ ಹಿಂದಿನ ಸೀಟು. ಅವಳು ಫಿಸಿಯೋಥೆರಪಿಸ್ಟ್. ರೋಗಿಗಳ ಮನೆಮನೆಗೆ ಬಸ್ಸಿನಲ್ಲಿ, ಮರಳುಚೀಲ ಮತ್ತು ರಬ್ಬರ್ ಪಟ್ಟಿಗಳ ಭಾರದ ಬ್ಯಾಗು ಹೊತ್ತು ಹೋಗುತ್ತಿದ್ದಳು. ಮದುವೆಯಾಗಿ ಬಂದ ಮೊದಲ ತಿಂಗಳು ಕಾರಿನ ಕೀಲಿ ಕೇಳಿದ್ದಳು. "ಲೈಸೆನ್ಸ್ ಇದೆ ಮಾವ" ಎಂದಿದ್ದಳು. "ಕೊಟ್ಟೋನು ಕುರುಡ ಇರಬಹುದು. ಈ ಮನೇಲಿ ನನ್ನ ಪರೀಕ್ಷೆ ಪಾಸಾಗಬೇಕು" ಎಂದಿದ್ದರು ಪರೀಕ್ಷಕರು. ರೈಲು ಸೇತುವೆಯ ಏರಿನಲ್ಲಿ ಕಾರು ಒಂದು ಗೇಣು ಹಿಂದೆ ಜಾರಿತ್ತು. ಆ ರಾತ್ರಿಯ ಊಟಕ್ಕೆ ಆರು ಜನ ನೆಂಟರಿದ್ದರು. ಪರೀಕ್ಷಕರು ಹಾಳೆ ತೆಗೆದು ಇಪ್ಪತ್ತಮೂರು ತಪ್ಪುಗಳನ್ನು ಒಂದೊಂದಾಗಿ ಓದಿದ್ದರು. "ಕ್ಲಚ್ ಸಡಿಲ ಇತ್ತು" ಎಂದು ಅವಳು ಹೇಳಿದಾಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಿದ್ದರು. ನೆಂಟರು ನಕ್ಕಿದ್ದರು. ಅವಳು ಆ ಹಾಳೆಯನ್ನು ಕೇಳಿ ಪಡೆದುಕೊಂಡಳು. ಮತ್ತೆ ಪರೀಕ್ಷೆಗೆ ಹೋಗಲಿಲ್ಲ.

ಮಗನ ಪಟ್ಟಿಯಲ್ಲಿ ಎರಡು ಕಾರುಗಳಿದ್ದವು. ಅವನದು ಲಿಫ್ಟ್ ರಿಪೇರಿಯ ಕೆಲಸ. ಹೋಗಿಬರಲು ಕಂಪನಿಯ ವ್ಯಾನು. ಭಾನುವಾರದ ಊಟದಲ್ಲಿ ಬ್ರೆಡ್ಡು, ಬಟಾಣಿಯ ತಟ್ಟೆಗಳ ನಡುವೆ ಫೋನು ನಿಲ್ಲಿಸಿ ಚಿತ್ರ ತೋರಿಸಿದ.

"ಎರಡೂ ಹಾಟ್ ಹ್ಯಾಚ್. ಹೊರಗಿಂದ ಸಣ್ಣ ಕಾರು, ಐದು ಬಾಗಿಲು, ಹಿಂದೆ ಸಾಮಾನಿಡೋಕೆ ಜಾಗ. ಎಂಜಿನ್ ಮಾತ್ರ ಎರಡರಷ್ಟು. ದಿನಾ ಓಡಿಸೋಕೂ ಸೈ, ರಜೆ ದಿನ ಖುಷಿಗೂ ಸೈ."

"ಬೆಕ್ಕಿಗೆ ಹುಲಿ ಹಲ್ಲು ಕಟ್ಸೋದು ಅನ್ನು," ಎಂದರು ಪರೀಕ್ಷಕರು. "ತರಕಾರಿ ತರೋಕೆ ಹೋಗೋ ಕಾರು ಕಣೋ ಇದು."

"ತರಕಾರಿ ಬೇಗ ಬರುತ್ತೆ ಅಷ್ಟೇ."

ಕೆಂಪು ಕಾರಿಗೆ ಕೈಯಿಂದ ಹಾಕುವ ಆರು ಗೇರು, ಗಟ್ಟಿ ಸ್ಪ್ರಿಂಗು, ತೊಡೆಯನ್ನು ಎರಡೂ ಬದಿಯಿಂದ ಹಿಡಿಯುವ ತಗ್ಗಿನ ಸೀಟು. ಬೂದು ಕಾರಿನ ಎಂಜಿನ್ ಅಷ್ಟೇ ಬಲದ್ದು, ಆದರೆ ಗೇರು ತಾನಾಗಿ ಬದಲಾಗುತ್ತದೆ. ಪೆಡಲ್ ಎರಡೇ, ಎಡಗಾಲಿಗೆ ಕೆಲಸವಿಲ್ಲ. ಸ್ಪ್ರಿಂಗನ್ನು ಗುಂಡಿ ಒತ್ತಿ ಮೆತ್ತಗೆ ಮಾಡಬಹುದು. ಕೊಳ್ಳುವವನು ಮಗ. ಆದರೂ ಈ ಮನೆಗೆ ಬರುವ ಕಾರು ಪರೀಕ್ಷಕರ ಹಾಳೆಯನ್ನು ದಾಟಿಯೇ ಬರಬೇಕೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಮೊದಲ ಶನಿವಾರ ಬೂದು ಕಾರಿನ ಸರದಿ. ನಾಲ್ವರೂ ಹೋದರು. ಷೋರೂಮಿನ ಹುಡುಗಿ ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಸೊಸೆಯ ನಡುವೆ ಕುಳಿತು ಕಾರಿನ ಗುಣಗಾನ ಮಾಡಿದಳು. ಪರೀಕ್ಷಕರು ಊರು ಸುತ್ತಿ, ರೈಲು ಸೇತುವೆ ಹತ್ತಿ ಇಳಿದು ಬಂದರು.

"ಹೇಗಿತ್ತು ಸರ್?"

"ಇದರಲ್ಲಿ ಫೇಲಾಗೋಕೆ ಏನಿದೆ? ಅದಕ್ಕೇ ಪಾಸಾಗೋಕೂ ಏನಿಲ್ಲ."

"ನನಗೆ ನಿದ್ದೆ ಬಂದುಬಿಡ್ತು," ಎಂದಳು ಅತ್ತೆ. "ಗುಂಡಿ ಎಲ್ಲಿ ಬಂತು, ಎಲ್ಲಿ ಹೋಯ್ತು ಗೊತ್ತಾಗಲಿಲ್ಲ."

"ಸ್ಟೀರಿಂಗ್ ಹಿಡಿದವನಿಗೂ ನಿದ್ದೆ ಬರುತ್ತೆ. ಅದೇ ನಾನು ಹೇಳೋದು."

ಎರಡನೆಯ ಶನಿವಾರ ಕೆಂಪು ಕಾರು. ಕ್ಲಚ್ ಮೇಲೆ ಕಾಲಿಟ್ಟು ಮೊದಲ ಸಲ ಒತ್ತಿದಾಗ ಪರೀಕ್ಷಕರ ಕೆಳತುಟಿ ಹಲ್ಲಿನಡಿ ಹೋಯಿತು. ಹಿಂದೆ ಕುಳಿತ ಸೊಸೆ ತನ್ನ ಹೆಬ್ಬೆರಳನ್ನು ಬೆರಳಗಂಟುಗಳ ಮೇಲೆ ಒಂದೊಂದಾಗಿ ಸರಿಸತೊಡಗಿದಳು. ಕಾರು ಆರು ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಅವಳ ಲೆಕ್ಕ ಮೂವತ್ತೆಂಟಕ್ಕೆ ಬಂದಿತ್ತು. ಪರೀಕ್ಷಕರು ಇಳಿಯುವಾಗ ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಗೇರು ಬೆಣ್ಣೆ," ಎಂದರು. "ಇದು ಕಾರು."

ಅಂದು ಸಂಜೆ ಸೊಸೆ ತನ್ನ ಇಪ್ಪತ್ತಮೂರು ತಪ್ಪಿನ ಹಳೆಯ ಹಾಳೆಯನ್ನು ತೆಗೆದು ಅದರ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಬರೆದಳು: ಆರೈಕೆ ಕೇಂದ್ರಕ್ಕೆ ಒಂದು ಸಲ ಹೋಗಲು ಕ್ಲಚ್ ಸುಮಾರು ೧೬೩ ಸಲ, ಎಂಬತ್ತರ ನಂತರ ತೊಡೆಯ ಸ್ನಾಯು ನಡುಗುತ್ತದೆ. ಕೆಳಗೆ ಇನ್ನೊಂದು ಸಾಲು: ಕೆಂಪು. ಅದರಡಿ ಒಂದು ಗೆರೆ.

ಪರೀಕ್ಷಕರ ಮಂಡಿಗೆ ವ್ಯಾಯಾಮ ಮಾಡಿಸುವವಳೂ ಅವಳೇ. ದಿನಾ ಬೆಳಿಗ್ಗೆ ಏಳಕ್ಕೆ ನಡುಮನೆಯ ಚಾಪೆಯ ಮೇಲೆ ಅವರನ್ನು ಮಲಗಿಸಿ, ಕಾಲು ಮಡಿಸಿ, ಕೋನಮಾಪಕ ಹಿಡಿಯುತ್ತಿದ್ದಳು.

"ತೊಂಬತ್ತನಾಲ್ಕು ಡಿಗ್ರಿ. ಇಷ್ಟು ಹೊತ್ತಿಗೆ ನೂರ ಹತ್ತು ಬರಬೇಕಿತ್ತು ಮಾವ."

"ಬರುತ್ತೆ ಬಿಡಮ್ಮ."

"ಅದಕ್ಕೇ ಹೇಳ್ತೀನಿ, ಬೂದು ಕಾರೇ ತಗೊಳ್ಳಿ. ನಿಮ್ಮ ಕಾಲಿಗೆ ಒಳ್ಳೇದು."

"ಆಟೊಮ್ಯಾಟಿಕ್ ಓಡಿಸೋದು ಡ್ರೈವಿಂಗ್ ಅಲ್ಲ. ಕುರ್ಚಿ ಮೇಲೆ ಕೂತು ಊರು ಸುತ್ತೋದು."

"ಈ ವಯಸ್ಸಿಗೆ ಅದೇ ಸರಿ ಅಲ್ವಾ? ನಮ್ಮ ಕ್ಲಿನಿಕ್ಕಿಗೆ ಬರೋ ತಾತಂದಿರೆಲ್ಲ ಅದನ್ನೇ ತಗೊಂಡಿದ್ದಾರೆ."

ಪರೀಕ್ಷಕರು ಕಾಲನ್ನು ಅವಳ ಕೈಯಿಂದ ಕಿತ್ತುಕೊಂಡರು.

ಮರುದಿನ ಬೆಳಿಗ್ಗೆ ಅವಳು ಇನ್ನಷ್ಟು ಮೃದುವಾಗಿ ಅದನ್ನೇ ಹೇಳಿದಳು. ಮೂರನೆಯ ದಿನ ಬೂದು ಕಾರಿನ ಬಾಗಿಲಲ್ಲಿ ಹಿಡಿದು ಇಳಿಯಲು ಒಂದು ಹಿಡಿ ಹಾಕಿಸಬಹುದು ಎಂದೂ ಸೇರಿಸಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಟಾಣಿ ಬಿಡಿಸುತ್ತಾ ಕುಳಿತಿದ್ದಳು.

"ಮಳ್ಳಿ ಮಳ್ಳಿ, ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದಳಂತೆ," ಎಂದಳು ತಲೆಯೆತ್ತದೆ.

"ಏನತ್ತೆ?"

"ಏನಿಲ್ಲಮ್ಮ. ಬಟಾಣಿಗೆ ಹುಳ ಬಿದ್ದಿದೆ."

ಆ ರಾತ್ರಿ ಪಾತ್ರೆ ಒರೆಸುವಾಗ ಅತ್ತೆ ಮಗನನ್ನು ಹಿಡಿದಳು. "ನೀನಾದ್ರೂ ಬೂದು ಅನ್ನೋ. ನಿಮ್ಮಪ್ಪನ ಕಾಲು ತಡೆಯಲ್ಲ."

"ಅಮ್ಮ, ಬೂದು ಅಂದ್ರೆ ಲಿಫ್ಟು. ಗುಂಡಿ ಒತ್ತು, ಸುಮ್ನೆ ನಿಂತ್ಕೊ. ದಿನವೆಲ್ಲ ಅದನ್ನೇ ಮಾಡ್ತೀನಲ್ಲ."

"ಬುಧವಾರ ನೀನು ಕರ್ಕೊಂಡು ಹೋಗ್ತೀಯಾ?"

"ಅಪ್ಪ ಇದ್ದಾರಲ್ಲ. ಅಪ್ಪನೇ ಕೆಂಪು ಅಂದ್ರೆ ನಾನೇನು ಬೇಡ ಅನ್ಲಾ?"

ಭಾನುವಾರ ಮೇಜಿನ ಸುತ್ತ ತೀರ್ಮಾನವಾಯಿತು. ಪರೀಕ್ಷಕರು ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ಬೂದಿಗೆ ಐದು ಗೀಟು, ಕೆಂಪಿಗೆ ಎಂಟು.

"ಹಾಗಾದ್ರೆ ಬೂದು ಗೆದ್ದ ಹಾಗಲ್ವಾ?" ಎಂದಳು ಅತ್ತೆ.

"ನೀನು ಓಡಿಸ್ತೀಯಾ?"

ಅತ್ತೆ ಬಟಾಣಿಯ ತಟ್ಟೆಯನ್ನು ಮಗನ ಕಡೆ ಸರಿಸಿದಳು.

"ಓಡಿಸದವರು ಬಾಯಿ ಹಾಕಬಾರದು. ನೀನು ಹೇಳೋ."

"ಕೆಂಪು," ಎಂದ ಮಗ.

"ನೀನಮ್ಮ?"

"ನಾನು ಅತ್ತೆ ಕಡೆ," ಎಂದಳು ಸೊಸೆ. "ನಿಮ್ಮ ಕಷ್ಟ ನೋಡೋಕಾಗಲ್ಲ ಮಾವ. ಬೂದೇ ಇರಲಿ. ನಾಳೆ ಕಾಲು ಕೈಕೊಟ್ರೆ ಏನು ಗತಿ?"

ಪರೀಕ್ಷಕರು ಬೂದಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಡಿಗೆ ತಳ್ಳಿದರು. "ಕೆಂಪು. ನನ್ನ ಕಾಲಿನ ಚಿಂತೆ ಈ ಮನೇಲಿ ಇನ್ಮೇಲೆ ಯಾರೂ ಮಾಡಬೇಕಾಗಿಲ್ಲ."

ಸೊಸೆ ತಲೆ ತಗ್ಗಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು. ಅಂಚಿನಿಂದ ಅಂಚಿಗೆ, ಒಂದು ಮೂಲೆಯೂ ಬಿಡದಂತೆ.

ಕೆಂಪು ಕಾರು ಬಂದ ವಾರವೇ ಹಳೆಯದನ್ನು ಗುಜರಿಯವರು ಎಳೆದೊಯ್ದರು. ಕೀಲಿ ಎಂದಿನಂತೆ ಪರೀಕ್ಷಕರ ಅಂಗಿಯ ಜೇಬು ಸೇರಿತು. ಮೊದಲ ಬುಧವಾರ ಅವರು ಹೋಗಿ ಬಂದು, ಗೇಟಿನಿಂದ ಬಾಗಿಲವರೆಗಿನ ಹನ್ನೊಂದು ಹೆಜ್ಜೆಗೆ ಎರಡು ಸಲ ನಿಂತರು. ಸೊಸೆ ಐಸಿನ ಚೀಲ ತಂದು ಮಂಡಿಗೆ ಕಟ್ಟಿ ಗಡಿಯಾರ ನೋಡಿದಳು.

"ಇಪ್ಪತ್ತು ನಿಮಿಷ ಅಲುಗಾಡಬೇಡಿ. ಬೂದು ಆಗಿದ್ರೆ ಇಷ್ಟು ಊತ ಬರ್ತಿರಲಿಲ್ಲ, ಅಲ್ವಾ ಮಾವ?"

"ಹೊಸ ಕಾರು. ಪಳಗಬೇಕು."

"ಕಾರಾ, ಕಾಲಾ?"

"ನಿನ್ನ ಕೆಲಸ ನೀನು ನೋಡಮ್ಮ."

ಎರಡನೆಯ ಬುಧವಾರ ಬಂದಾಗ ಮಂಡಿ ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಅತ್ತೆಯ ಸೊಂಟವೂ ಗುಂಡಿಗಳಿಗೆ ಸಿಕ್ಕಿ ಹಿಡಿದುಕೊಂಡಿತ್ತು. ಅವಳು ಅದರ ಸುದ್ದಿ ಎತ್ತಲಿಲ್ಲ. ತಂಗಿ ಕಿತ್ತಳೆಯ ಎರಡು ತೊಳೆ ಹೆಚ್ಚು ತಿಂದಳೆಂದು ಮಾತ್ರ ಹೇಳಿದಳು.

ಮೂರನೆಯ ಬುಧವಾರ ಕ್ವಾರಿಯ ಏರಿನಲ್ಲಿ ಮುಂದಿನ ಲಾರಿ ನಿಂತಿತು. ಪರೀಕ್ಷಕರೂ ನಿಲ್ಲಿಸಿದರು. ಹಿಂದೆ ಹಾಲಿನ ವ್ಯಾನು ಬಂದು ನಿಂತಿತು. ಲಾರಿ ಹೊರಟಾಗ ಅವರು ಕ್ಲಚ್ ಒತ್ತಿ ಗೇರು ಹಾಕಿ ಕೈಬ್ರೇಕು ಬಿಟ್ಟರು. ಎಡಗಾಲು ತೊಡೆಯಿಂದ ಪಾದದವರೆಗೆ ನಡುಗಿ, ಪೆಡಲ್ಲಿನಿಂದ ಜಾರಿತು. ಎಂಜಿನ್ ಆಫಾಯಿತು. ಮತ್ತೆ ಶುರು ಮಾಡಲು ಕ್ಲಚ್ ಒತ್ತಿದರು. ಕಾರು ಹಿಂದಕ್ಕೆ ಸರಿದು ವ್ಯಾನಿನ ಮೂತಿಗೆ ಬಡಿಯಿತು. ಪೆಟ್ಟು ದೊಡ್ಡದಲ್ಲ. ವ್ಯಾನಿನವನು ಇಳಿದು ಬಂದು, ಕಿಟಕಿಯಲ್ಲಿ ಬಗ್ಗಿ ನೋಡಿ, ಕೈಮುಗಿದು ನಕ್ಕ.

"ಸಾರ್, ನೀವಾ! ನನ್ನನ್ನ ಇದೇ ತಪ್ಪಿಗೆ ಎರಡು ಸಲ ಫೇಲು ಮಾಡಿದ್ರಲ್ಲ ಸಾರ್!"

ಮಗ ಯಾವುದೋ ಕಟ್ಟಡದ ಲಿಫ್ಟಿನ ತಳದ ಹಳ್ಳದಲ್ಲಿದ್ದ, ಫೋನು ಎತ್ತಲಿಲ್ಲ. ಅತ್ತೆ ಸೊಸೆಗೆ ಫೋನು ಮಾಡಿದಳು. ಅವಳು ಕ್ವಾರಿಯವರೆಗೆ ಬಸ್ಸಿನಲ್ಲಿ ಬಂದು, ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಏರನ್ನು ನಡೆದು ಹತ್ತಿದಳು. ಪರೀಕ್ಷಕರನ್ನು ತೋಳು ಹಿಡಿದು ಹಿಂದಿನ ಸೀಟಿಗೆ ಕೂರಿಸಿದಳು. ಮುಂದಿನ ಸೀಟನ್ನು ಅಳತೆ ನೋಡಿ ಸರಿಪಡಿಸಿಕೊಂಡಳು, ಮೂರೂ ಕನ್ನಡಿಗಳನ್ನು ತಿರುಗಿಸಿದಳು. ಏರಿನಲ್ಲಿ ಕಾರು ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯದೆ ಹೊರಟಿತು. ಕೇಂದ್ರದ ಭೇಟಿಯ ವೇಳೆ ಮುಗಿದಿತ್ತು. ಅವಳು ಮೇಲೆ ಹೋಗಿ ಕಾರು ತಿರುಗಿಸಿಕೊಂಡು, ಕೇಂದ್ರದ ಗೇಟಿನ ಮುಂದೆ ನಿಲ್ಲಿಸದೆ ಗುಡ್ಡ ಇಳಿದಳು. ಅತ್ತೆಯ ತೊಡೆಯ ಮೇಲೆ ಕಿತ್ತಳೆಯ ಚೀಲ ಹಾಗೆಯೇ ಇತ್ತು.

ಸಂಜೆ ಊಟಕ್ಕೆ ಕುಳಿತಾಗ ಪರೀಕ್ಷಕರು ಸೂಪಿನ ಬಟ್ಟಲನ್ನು ನೋಡುತ್ತಾ ಹೇಳಿದರು: "ಆ ಕಾರಿನ ಕ್ಲಚ್ ತುಂಬಾ ಮೇಲೆ ಹಿಡಿಯುತ್ತೆ. ತಯಾರಿಕೆಯಲ್ಲೇ ದೋಷ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಸೊಸೆ. ರಾಗವೂ ಅವರದೇ.

ಮಗ ನಗಲು ಹೋಗಿ, ಅಪ್ಪನ ಮುಖ ನೋಡಿ, ಕೆಮ್ಮಿದ.

"ಮಾವ, ಏರಿನಲ್ಲಿ ಹಿಂದೆ ಜಾರಿದ್ರೆ ಏನು ನಿಯಮ?"

"ಊಟ ಮಾಡಮ್ಮ."

"ಮಾಡ್ತೀನಿ. ನಿಯಮ ಏನು?"

"ಫೇಲು," ಎಂದರು ಪರೀಕ್ಷಕರು.

"ಒಂದು ಗೇಣಾದ್ರೂ?"

"ಒಂದು ಗೇಣಾದ್ರೂ."

"ನೀವು ಎಷ್ಟು ಜಾರಿದ್ರಿ? ಅಳತೆ ಹೇಳಿ."

"ಸಾಕು ಬಿಡೇ," ಎಂದ ಮಗ.

"ನೀವು ಸುಮ್ನಿರಿ. ಅವತ್ತು ಆರು ಜನ ನೆಂಟರ ಮುಂದೆ ಸುಮ್ನಿದ್ರಲ್ಲ, ಹಾಗೇ." ಅವಳು ಬಲಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿದಳು. "ಮತ್ತೆ ಯಾವಾಗ ಬರಬೇಕು ಮಾವ?"

"ಮೂವತ್ತು ದಿನ ಬಿಟ್ಟು."

"ಬನ್ನಿ. ಅಲ್ಲಿವರೆಗೆ ಕೀಲಿ ಕೊಡಿ. ಮನೆ ನಿಯಮ."

ಪರೀಕ್ಷಕರು ಜೇಬಿನಿಂದ ಕೀಲಿ ತೆಗೆಯುವಾಗ ಪೆನ್ಸಿಲ್ ಕೂಡ ಹೊರಬಂದು ಸೂಪಿನೊಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಅವರೇ ಎರಡು ಬೆರಳಲ್ಲಿ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಮತ್ತೆ ಜೇಬಿಗಿಟ್ಟರು.

ಮರುದಿನದಿಂದ ಸೊಸೆಯ ಮರಳುಚೀಲಗಳು ಕೆಂಪು ಕಾರಿನ ಹಿಂಬದಿಯಲ್ಲಿ ಹೋಗತೊಡಗಿದವು. ಬಸ್ಸಿನಲ್ಲಿ ದಿನಕ್ಕೆ ಐದು ರೋಗಿಗಳನ್ನು ನೋಡುತ್ತಿದ್ದವಳು ಒಂಬತ್ತು ಜನರನ್ನು ನೋಡಿದಳು. ಪರೀಕ್ಷಕರ ಬೆಳಗಿನ ವ್ಯಾಯಾಮ ಮಾತ್ರ ನಿಲ್ಲಲಿಲ್ಲ. ಏಳಕ್ಕೆ ಚಾಪೆ, ಕೋನಮಾಪಕ. "ತೊಂಬತ್ತು. ಇಳೀತಿದೆ ಮಾವ" ಎಂದು ಹೇಳಿ ಬರೆದುಕೊಳ್ಳುತ್ತಿದ್ದಳು.

ಮಂಗಳವಾರ ಅತ್ತೆ ಕೇಳಿದಳು: "ನಾಳೆ ಒಂದು ಗಳಿಗೆ ನನ್ನನ್ನ ಗುಡ್ಡಕ್ಕೆ ಬಿಟ್ಟು ಬರ್ತೀಯಾ?"

"ಬುಧವಾರ ಹತ್ತು ಜನ ಇದ್ದಾರೆ ಅತ್ತೆ. ಆಗಲ್ಲ."

ಮುಂದಿನ ಮಂಗಳವಾರವೂ ಅದೇ ಉತ್ತರ. ಗುರುವಾರ ಕೇಂದ್ರದ ನರ್ಸು ಫೋನು ಮಾಡಿದಳು: ನಿಮ್ಮ ತಂಗಿ ಬೇರೆಯವರ ಕೈಯಲ್ಲಿ ಉಗುರು ಕತ್ತರಿಸಿಕೊಳ್ಳುತ್ತಿಲ್ಲ, ಬಲಗೈ ಮುಷ್ಟಿ ಬಿಗಿದು ಉಗುರುಗಳು ಅಂಗೈಗೆ ನಾಟಿವೆ, ಬುಧವಾರಗಳಲ್ಲಿ ಬಾಗಿಲ ಕಡೆ ಮುಖ ಮಾಡಿ ಮಲಗುತ್ತಾಳೆ. ಅತ್ತೆ ಫೋನನ್ನು ಸೊಸೆಯ ಕೈಗೆ ಕೊಟ್ಟಳು. ಸೊಸೆ ಮುಷ್ಟಿಯನ್ನು ಹೇಗೆ ಬಿಡಿಸಬೇಕೆಂದು ನರ್ಸಿಗೆ ಮೂರು ಹಂತಗಳಲ್ಲಿ ವಿವರಿಸಿ ಫೋನಿಟ್ಟಳು.

"ನಾನು ನಿನಗೇನು ಮಾಡಿದ್ದೆನೇ ತಾಯಿ?" ಎಂದಳು ಅತ್ತೆ.

"ನೀವಾ? ಏನೂ ಮಾಡಿಲ್ಲ."

"ಮತ್ತೆ?"

"ಅವತ್ತು ಮಾವ ಓದ್ತಾ ಇದ್ರಲ್ಲ, ಹದಿನಾಲ್ಕನೇ ತಪ್ಪಿಗೆ ನೀವು ನಕ್ಕಿರಿ. ನೆಂಟರಿಗಿಂತ ಮುಂಚೆ. ಅಷ್ಟೇ."

ಅತ್ತೆ ನಕ್ಕಿದ್ದು ನಿಜ.

ಶನಿವಾರ ಬಟ್ಟೆ ಒಗೆಯುವ ಮುನ್ನ ಜೇಬುಗಳನ್ನು ಖಾಲಿ ಮಾಡುವಾಗ ಅತ್ತೆಗೆ ಸೊಸೆಯ ಬಿಳಿ ಕೋಟಿನಲ್ಲಿ ಒಂದು ಹಾಳೆ ಸಿಕ್ಕಿತು. ಏಳು ವರ್ಷ ಮಡಚಿ ಬಿಡಿಸಿ ಮಡಿಕೆಗಳು ಹರಿದಿದ್ದವು. ಟೇಪು ಅಂಟಿಸಿತ್ತು, ಟೇಪೂ ಹಳದಿಯಾಗಿತ್ತು. ಮುಂದೆ ಇಪ್ಪತ್ತಮೂರು ಗೀಟು. ಅತ್ತೆ ಕನ್ನಡಕ ತಂದು ಹಿಂಬದಿಯನ್ನು ಓದಿದಳು. ೧೬೩. ಎಂಬತ್ತು. ಕೆಂಪು. ಎರಡನೆಯ ಸಲ ಓದಿ, ಇದ್ದ ಮಡಿಕೆಯಲ್ಲೇ ಮಡಚಿ, ಕೋಟು ಒಣಗಿದ ಮೇಲೆ ಅದೇ ಜೇಬಿನಲ್ಲಿಟ್ಟಳು. ನಡುಮನೆಯಲ್ಲಿ ಮಂಡಿಗೆ ಐಸು ಹಿಡಿದು ಕುಳಿತಿದ್ದ ಗಂಡನಿಗೆ ಏನನ್ನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆಯ ತಟ್ಟೆಗೆ ಮೊಟ್ಟೆ ಹಾಕುತ್ತಾ ಮಾತು ತೆಗೆದಳು.

"ಆ ದಿನ ಕ್ವಾರಿಯಿಂದ ನೀನೇ ಓಡಿಸ್ಕೊಂಡು ಬಂದೆಯಲ್ಲ. ಪಾಪ, ನೀನು ಅವಸರದಲ್ಲಿದ್ದೆ. ನಾನು ಎಣಿಸಿದ್ದನ್ನ ಇವರಿಗೆ ಹೇಳೋಕೆ ಹೋಗಲಿಲ್ಲ."

ಸೊಸೆಯ ಚಮಚ ನಿಂತಿತು. "ಏನೆಣಿಸಿದ್ರಿ?"

"ಬಿಡು. ಮೂವತ್ತೈದು ವರ್ಷ ಪರೀಕ್ಷಕರ ಪಕ್ಕದ ಸೀಟಲ್ಲಿ ಕೂತವಳು, ಅಭ್ಯಾಸ. ಉಪ್ಪು ಸರಿಯಿದೆಯಾ?"

"ಯಾವ ತಪ್ಪು ಅತ್ತೆ? ನಾನು ಒಂದೂ ಮಾಡಿಲ್ಲ."

"ಇಪ್ಪತ್ತಮೂರಕ್ಕಿಂತ ಕಡಿಮೆನೇ ಇತ್ತು, ಸುಳ್ಳು ಯಾಕೆ ಹೇಳಲಿ."

"ಹೇಳಿ ಅಂದೆನಲ್ಲ!"

"ಬಾಯಲ್ಲಿ ಹೇಳೋದಲ್ಲ ಅದು. ಓಡಿಸುವಾಗ ಬರೆಯೋದು."

ಸೊಸೆ ಕೀಲಿ ತೆಗೆದು ಮೇಜಿನ ಮೇಲೆ ಬಡಿದಳು. "ಬನ್ನಿ. ಈಗಲೇ ಬರೀರಿ."

"ಈಗ ಎಲ್ಲಿಗೆ? ಈ ಊರಲ್ಲಿ ಏರು ಎಲ್ಲಿದೆ? ರೈಲು ಸೇತುವೆ ಮಕ್ಕಳ ಜಾರುಬಂಡೆ. ಏರು ಅಂದ್ರೆ ಕ್ವಾರಿ ರಸ್ತೆ." ಅತ್ತೆ ಬಾಣಲೆಯನ್ನು ನೀರಿಗೆ ಹಾಕಿದಳು. "ಬುಧವಾರವಾದ್ರೆ ನನಗೂ ಬಿಡುವಿದೆ. ನಿನಗೆ ಹತ್ತು ಜನ ರೋಗಿಗಳು."

"ರೋಗಿಗಳನ್ನ ನಾನು ನೋಡ್ಕೋತೀನಿ. ಬುಧವಾರ ಹತ್ತಕ್ಕೆ ರೆಡಿಯಾಗಿರಿ."

ಬುಧವಾರ ಅತ್ತೆ ಬೂದು ಬಣ್ಣದ ಸೀರೆಯುಟ್ಟು, ಉಗುರು ಕತ್ತರಿ, ಬಾಚಣಿಗೆ, ಎರಡು ಕಿತ್ತಳೆ ಚೀಲಕ್ಕೆ ಹಾಕಿಕೊಂಡಳು. ಹಲಗೆಗೆ ಹೊಸ ಹಾಳೆ ಸಿಕ್ಕಿಸಿದಳು. ಗಂಡನ ಜೇಬಿನಿಂದ ಪೆನ್ಸಿಲ್ಲನ್ನು ಕೇಳದೆಯೇ ಎಳೆದುಕೊಂಡಳು.

"ಎಲ್ಲಿಗೆ?" ಎಂದರು ಪರೀಕ್ಷಕರು. "ನಾನೂ ಬರ್ತೀನಿ. ನಿನಗೆ ಗೀಟು ಎಲ್ಲಿ ಹಾಕಬೇಕು ಗೊತ್ತಾಗಲ್ಲ."

"ನೀವು ಫೇಲಾದವರು. ಮನೇಲಿರಿ. ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ."

ಸೊಸೆ ಮುಂದಿನ ಬಾಗಿಲು ತೆರೆದು ಹಿಡಿದಳು. ಅತ್ತೆ ಅದನ್ನು ದಾಟಿ ಹೋಗಿ ಹಿಂದಿನ ಸೀಟಿನಲ್ಲಿ, ಸೊಸೆ ಏಳು ವರ್ಷ ಕುಳಿತ ಬದಿಯ ಮೂಲೆಯಲ್ಲಿ, ಕುಳಿತಳು.

ಸೊಸೆ ಬೆಲ್ಟು ಹಾಕಿದಳು, ಕನ್ನಡಿ ನೋಡಿದಳು, ದೀಪದ ಸನ್ನೆ ಕೊಟ್ಟಳು, ಭುಜದ ಮೇಲಿಂದ ತಿರುಗಿ ನೋಡಿ ಹೊರಟಳು. ಗಲ್ಲಿಯ ತಿರುವಿನಲ್ಲಿ ಹಿಂದಿನಿಂದ ಮೊದಲ ಸದ್ದು ಬಂತು. ಕರ್ರ್.

"ಏನಾಯ್ತು?"

"ಅಭ್ಯರ್ಥಿ ಮಾತಾಡಬಾರದು."

ಸೊಸೆಯ ಎಡಗೈ ಹೆಬ್ಬೆರಳು ಸ್ಟೀರಿಂಗಿನ ಮೇಲೆಯೇ ಮೊದಲ ಬೆರಳಗಂಟನ್ನು ಒತ್ತಿತು. ಮಾರುಕಟ್ಟೆಯ ಬಳಿ ಎರಡನೆಯದು. ಕ್ವಾರಿಯ ಏರಿನಲ್ಲಿ ಎದುರು ಲಾರಿ ನಿಂತಿತು. ಅವಳು ನಿಲ್ಲಿಸಿದಳು, ಹೊರಟಳು. ಕಾರು ನೂಲಿನಷ್ಟೂ ಹಿಂದೆ ಸರಿಯಲಿಲ್ಲ. ಕರ್ರ್.

"ಜಾರಲಿಲ್ಲ ಅತ್ತೆ! ಜಾರಲಿಲ್ಲ!"

ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಮೇಲೆ ತಲುಪುವಷ್ಟರಲ್ಲಿ ಏಳಾಗಿತ್ತು.

ಅತ್ತೆ ಎರಡು ಗಂಟೆ ಒಳಗಿದ್ದಳು. ತಂಗಿಯ ಮುಷ್ಟಿಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಬೆರಳು ಬೆರಳಾಗಿ ಬಿಡಿಸಿ, ಉಗುರು ಕತ್ತರಿಸಿ, ಅಂಗೈಯ ನಾಲ್ಕು ಗಾಯಗಳಿಗೆ ಮುಲಾಮು ಹಚ್ಚಿದಳು. ತಂಗಿ ಒಂದೂವರೆ ಕಿತ್ತಳೆ ತಿಂದಳು. ಸೊಸೆ ಬಿಸಿಲಲ್ಲಿ ಕಾರಿನೊಳಗೇ ಕುಳಿತಿದ್ದಳು. ಒಂದು ಸಲ ಇಳಿದು ಹಿಂದಿನ ಬಾಗಿಲು ಎಳೆದು ನೋಡಿದಳು. ಹಲಗೆ ಸೀಟಿನ ಮೇಲಿರಲಿಲ್ಲ. ಅತ್ತೆ ಅದನ್ನು ಒಳಗೆ ಒಯ್ದಿದ್ದಳು.

ಬರುವಾಗ ಇಳಿಜಾರಿನಲ್ಲಿ ಎರಡು, ಹೆದ್ದಾರಿಯಲ್ಲಿ ಒಂದು, ಮಾರುಕಟ್ಟೆಯಲ್ಲಿ ಒಂದು, ತಮ್ಮ ಗಲ್ಲಿಯ ತಿರುವಿನಲ್ಲಿ ಇನ್ನೊಂದು. ಒಟ್ಟು ಹನ್ನೆರಡು. ಕೊನೆಯ ಇನ್ನೂರು ಮೀಟರನ್ನು ಸೊಸೆ ಮೊದಲ ಗೇರಿನಲ್ಲೇ, ಉಸಿರು ಬಿಗಿಹಿಡಿದು ದಾಟಿದಳು. ಗೇಟಿನ ಮುಂದೆ, ಗೋಡೆಗೆ ಸಮಾನಾಂತರವಾಗಿ, ಒಂದು ಗೇಣು ಅಂತರ ಬಿಟ್ಟು ನಿಲ್ಲಿಸಿದಳು. ಕೈಬ್ರೇಕು ಎಳೆದಳು. ಗೇರು ನ್ಯೂಟ್ರಲ್. ಕೀಲಿ ತಿರುಗಿಸಿದಳು, ಎಂಜಿನ್ ನಿಂತಿತು. ಕಿಟಕಿಯ ಹಿಂದೆ ಪರೀಕ್ಷಕರು ಊರುಗೋಲು ಹಿಡಿದು ನಿಂತು ನೋಡುತ್ತಿದ್ದರು.

"ಹನ್ನೆರಡು," ಎಂದಳು ಸೊಸೆ. "ನಾನೂ ಎಣಿಸಿದೀನಿ. ಹನ್ನೆರಡೇ. ಪಾಸು."

ಹಿಂದಿನ ಸೀಟಿನಲ್ಲಿ ಪೆನ್ಸಿಲ್ ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೆ, ಇನ್ನೊಂದು ಗೀಟು ಎಳೆಯಿತು.

"ಹದಿಮೂರು," ಎಂದಳು ಅತ್ತೆ, ಹಾಳೆಯನ್ನು ಮಡಚಿ ಕಿತ್ತಳೆ ಸಿಪ್ಪೆಗಳಿದ್ದ ಚೀಲಕ್ಕೆ ಹಾಕುತ್ತಾ. "ಇವರಾದ್ರೆ ಮೂವತ್ತು ದಿನ ಅಂತಿದ್ರು. ನಾನು ಅಷ್ಟು ಕಟುಕಿಯಲ್ಲಮ್ಮ. ಮುಂದಿನ ಬುಧವಾರ ಬಾ."